ಯಾವ ನಾಯಿ ಕಚ್ಚಿತ್ತು?

ನಮ್ಮ ಬಿಲ್ಡಿಂಗಿನ ಓನರ್ ನಾಗೇಂದ್ರ ವಾಟ್ಸಾಪ್ ಗ್ರೂಪಿಗೆ ಹಾಕುವುದು ನೀರು ಬಿಡುವ ಹೊತ್ತು, ಹಬ್ಬದ ಶುಭಾಶಯ, ಇಷ್ಟೇ. ಆ ಸೋಮವಾರ ಮಾತ್ರ ಅಪಾಯಕಾರಿ ಎಂದು ಸರ್ಕಾರ ನಿಷೇಧಿಸಿದ್ದ ಇಪ್ಪತ್ತಮೂರು ನಾಯಿ ತಳಿಗಳ ಪಟ್ಟಿ ಬಂತು. ಕೆಳಗೊಂದು ಸಾಲು: ಇಂಥ ನಾಯಿ ಸಾಕಿದವರು ಭಾನುವಾರದೊಳಗೆ ನಾಯಿಯನ್ನಾದರೂ ಕಳಿಸಬೇಕು, ಮನೆಯನ್ನಾದರೂ ಬಿಡಬೇಕು. ಟಿವಿಯವರು ಮೂರು ದಿನದಿಂದ ಯಾರನ್ನೋ ಕಚ್ಚಿದ ಒಂದೇ ನಾಯಿಯನ್ನು ತೋರಿಸಿ ತೋರಿಸಿ ಇವರ ನಿದ್ದೆ ಕೆಡಿಸಿದ್ದರು.

ಗೋವಿಂದರಾಜನಗರದ ಈ ಒಂಬತ್ತು ಮನೆಗಳಲ್ಲಿ ಪಟ್ಟಿಗೆ ಸಿಕ್ಕಿಬಿದ್ದವು ಎರಡು ನಾಯಿ. ಒಂದು ನನ್ನ ಭೀಮ. ಇನ್ನೊಂದು ಎರಡನೇ ಮಹಡಿಯ ವಿಠ್ಠಲನ ರಾಣಿ.

ಭೀಮ ಪಟ್ಟಿಗೆ ಸೇರಿದ್ದು ನನ್ನ ಬಾಯಿಂದಲೇ. ನಾಯಂಡಹಳ್ಳಿಯ ಗೋಡೌನಿನ ಶಟರ್ ಕೆಳಗೆ ಕುಯ್ಗುಡುತ್ತಿದ್ದ ಮರಿ ಅವನು. ಮೊದಲ ಇಂಜೆಕ್ಷನ್ ಹಾಕಿಸುವಾಗ ಕಾಂಪೌಂಡರ್ "ಯಾವ ಬ್ರೀಡಮ್ಮಾ?" ಅಂದ. ನಾನು ಒಂಟಿ ಹೆಂಗಸು. ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ, ಹಿಂದೆ ಮನೆ. ಜನ ಹೆದರಲಿ ಎಂದು, ಕಪ್ಪು ಮೈ, ಕಂದು ಹುಬ್ಬು ನೋಡಿ ರಾಟ್‌ವೀಲರ್ ಕ್ರಾಸ್ ಅಂತ ಹೇಳಿಬಿಟ್ಟೆ. ಅವನು ಇಂಜೆಕ್ಷನ್ ಪುಸ್ತಕದಲ್ಲಿ ಹಾಗೇ ಬರೆದ. ನಾನೂ ಬೀದಿಗೆಲ್ಲ ಹೇಳಿಕೊಂಡು ತಿರುಗಿದೆ. ಆಗ ನಾಗೇಂದ್ರ ಅವರಿಗೆ ಎಷ್ಟು ಖುಷಿಯೆಂದರೆ, ಗೇಟಿಗೆ ನಾಯಿಯ ಚಿತ್ರವಿರುವ ಎಚ್ಚರಿಕೆ ಬೋರ್ಡನ್ನು ತಾವೇ ತಂದು ನೇತುಹಾಕಿದ್ದರು.

ರಾಣಿಯದು ಸುಳ್ಳಲ್ಲ. ಅಗಲ ಮೂತಿಯ ಅಪ್ಪಟ ರಾಟ್‌ವೀಲರ್. ಯಾರೋ ಪುಣ್ಯಾತ್ಮರು ಕೆಂಗೇರಿಯಲ್ಲಿ ಕಂಬಕ್ಕೆ ಕಟ್ಟಿ ಹೋಗಿದ್ದರು. ಊಟ ಡೆಲಿವರಿ ಮಾಡುವ ವಿಠ್ಠಲ ಎರಡು ಆರ್ಡರ್‌ಗಳ ನಡುವೆ ಅದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬಂದಿದ್ದ. ಬಾಗಲಕೋಟೆ ಕಡೆಯ ಹುಡುಗ. ನಾಯಿ ಇದೆ ಅಂದರೆ ಬೇರೆಲ್ಲೂ ಅವನಿಗೆ ಮನೆ ಸಿಗುವುದಿಲ್ಲ.

"ಅಕ್ಕಾರ, ಆ ಪಟ್ಟಿ ಹೈಕೋರ್ಟ್ ರದ್ದ್ ಮಾಡೇತ್ರಿ, ನೋಡ್ರಿಲ್ಲೆ" ಎಂದು ಫೋನ್ ಹಿಡಿದ. ಇಬ್ಬರೂ ನಾಗೇಂದ್ರ ಅವರ ಬಳಿ ಹೋದೆವು.

"ಕೋರ್ಟು ಹೇಳಿರೋದು ಸರ್ಕಾರಕ್ಕೆ ಕಣಪ್ಪ. ಇದು ನನ್ನ ಮನೆ" ಅಂದರು ಅವರು.

ಮರುದಿನ ಭೀಮನನ್ನು ಡಾಕ್ಟರ ಬಳಿ ಕರೆದೊಯ್ದೆ. ಅವರು ಬಾಲ ಹಿಡಿದು ನೋಡಿ ನಕ್ಕರು. "ರಾಟ್‌ವೀಲರ್ ಅಂತ ಯಾರಮ್ಮ ಹೇಳಿದ್ದು? ಅಪ್ಪ ಅಮ್ಮ ಯಾರು ಅಂತ ಗೊತ್ತಿಲ್ದೆ, ಬರೀ ಮುಖ ನೋಡಿ ಹೇಳಕ್ಕಾಗಲ್ಲ. ಬೀದಿ ನಾಯಿ ಅಂತ್ಲೇ ಬರೀತೀನಿ, ಸರಿನಾ?"

ಐದು ನಿಮಿಷದ ಕೆಲಸ. ಹಳೆಯ ಪುಸ್ತಕ ಹೋಗಿ ಹೊಸದು ಬಂತು. ಒಳಗೆ ಹೋಗುವಾಗ ಬಿಲ್ಡಿಂಗಿಗೇ ಅಪಾಯವಾಗಿದ್ದ ಭೀಮ ಹೊರಗೆ ಬರುವಾಗ ಸಾಧುವಾಗಿದ್ದ. ನಾಯಿ ಅದೇ, ಹಲ್ಲೂ ಅವೇ. ನೆಮ್ಮದಿಯಾಗಬೇಕಿತ್ತು, ತಲೆಯೊಳಗೆ ಹುಳ ಹೊಕ್ಕಿತು. ಬ್ಲೌಸ್ ಬಿಗಿಯಾಯಿತು ಎಂದು ಯಾರಾದರೂ ಬಂದರೆ ಬಟ್ಟೆ ಕುಗ್ಗಿತೋ ಮೈ ಬೆಳೆಯಿತೋ ಎಂದು ತಿಳಿಯದೆ ನಾನು ಕತ್ತರಿ ಮುಟ್ಟುವವಳಲ್ಲ. ಹಾಗಿದ್ದರೆ ಕಚ್ಚುವ ನಾಯಿ ಯಾವುದು?

ಅಳತೆ ತೆಗೆಯುವಾಗ ಹೆಂಗಸರು ಕೈ ಎತ್ತಿ ಅಲ್ಲಾಡದೆ ನಿಲ್ಲಬೇಕು. ಟೇಪು ಮೈಮೇಲಿದ್ದಾಗ ಯಾರೂ ಸುಳ್ಳು ಹೇಳುವುದಿಲ್ಲ. ಅತ್ತೆಯ ವಿಷಯದಿಂದ ಹಿಡಿದು ಎಲ್ಲವೂ ಹೊರಗೆ ಬರುತ್ತದೆ. ಮದುವೆ ಸೀಸನ್ನು ಬೇರೆ. ಎದೆ, ಸೊಂಟ, ತೋಳು ಎಂದು ಬರೆದುಕೊಳ್ಳುತ್ತಲೇ ಕೇಳಿದೆ: ನಾಯಿ ಕೈಲಿ ಕಚ್ಚಿಸಿಕೊಂಡಿದ್ದೀರಾ? ಯಾವುದು? ಏನು ಮಾಡುತ್ತಿದ್ದಿರಿ? ಶನಿವಾರದ ಹೊತ್ತಿಗೆ ನಲವತ್ತೊಂದು ಹೆಂಗಸರು, ಹನ್ನೊಂದು ಕಡಿತ.

ಬಾಣಂತಿ ನಾಯಿಯ ಮರಿ ಎತ್ತಿಕೊಂಡವರಿದ್ದರು. ನಿದ್ದೆಯಲ್ಲಿದ್ದ ನಾಯಿಯ ಬಾಲ ತುಳಿದವರಿದ್ದರು. ಧನ್ಯಶ್ರೀ ಎಂಬ ಕಾಲೇಜು ಹುಡುಗಿಯನ್ನು ಕಚ್ಚಿದ್ದು ಮೂರು ವರ್ಷದಿಂದ ತಾರಸಿಯಲ್ಲಿ ಸರಪಳಿಯಲ್ಲೇ ಇದ್ದ ಲ್ಯಾಬ್ರಡಾರ್. ಎಲ್ಲರೂ ಮುದ್ದು ಮಾಡುವ ಜಾತಿ ಅದು. ಪಟ್ಟಿಯಲ್ಲಿದ್ದ ನಾಯಿ ಒಂದೇ ಒಂದು, ಅದನ್ನೂ ಅದರ ಯಜಮಾನನೇ ಛೂ ಬಿಟ್ಟಿದ್ದ. ಇನ್ನು ಎರಡು ಕಡಿತ ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲೇ ಆದವು. ಅಪರಾಧಿ ನಾಗೇಂದ್ರ ಅವರ ತಾಯಿ ನರಸಮ್ಮನವರ ಬಿಳಿ ಪೊಮೆರೇನಿಯನ್ ಪಿಂಕಿ.

ಭಾನುವಾರ ಪಾರ್ಕಿಂಗಿನಲ್ಲಿ ಎಲ್ಲರೂ ಕುರ್ಚಿ ಹಾಕಿಕೊಂಡು ಸೇರಿದರು. ನಾಗೇಂದ್ರ ನನ್ನ ಹೊಸ ಪುಸ್ತಕ ನೋಡಿದರು. "ಸುಮಾ ಅವ್ರೇ, ನಿಮ್ದು ಕ್ಲಿಯರ್ ಆಯ್ತು ಬಿಡಿ. ಅಲ್ಲಿಗೆ ರಾಣಿ ಒಂದೇ. ವಿಠ್ಠಲ, ಇವತ್ತು ಸಾಯಂಕಾಲದೊಳಗೆ ಕಳಿಸಿಬಿಡು."

ವಿಠ್ಠಲ ತಲೆ ತಗ್ಗಿಸಿದ. ರಾಣಿ ಅವನ ಚಪ್ಪಲಿಯ ಮೇಲೆ ಗದ್ದ ಊರಿ ಮಲಗಿತ್ತು. ಸುಮ್ಮನೆ ಮನೆಗೆ ಹೋಗಿದ್ದರೆ ನನ್ನ ಭೀಮನಿಗೆ ಯಾವ ತೊಂದರೆಯೂ ಇರಲಿಲ್ಲ. ಹೋಗಲಾಗಲಿಲ್ಲ. ಅಳತೆ ಪುಸ್ತಕ ತೆರೆದು ಹನ್ನೊಂದನ್ನೂ ಓದಿದೆ.

"ಸಾರ್, ರಾಣಿ ಬಂದು ಒಂದೂವರೆ ವರ್ಷ ಆಯ್ತು. ಒಬ್ಬರಿಗೂ ಹಲ್ಲು ತಾಗಿಸಿಲ್ಲ. ನೀವು ಹೆಸರು ನೋಡಿ ಓಡಿಸ್ತಿದೀರ. ಏನ್ ಮಾಡಿದೆ ಅಂತ ನೋಡಿ, ಸಾಕಿರೋರು ಹೆಂಗಿದಾರೆ ನೋಡಿ."

ಹನ್ನೊಂದರಲ್ಲಿ ಪಿಂಕಿಯ ಹೆಸರೂ ಬಂದದ್ದಕ್ಕೆ ನರಸಮ್ಮನವರಿಗೆ ರೇಗಿತ್ತು. "ಹೌದು ಕಣೇ, ನನ್ನ ಪಿಂಕಿ ಕಚ್ಚಿದೆ. ಊರೋರನ್ನೆಲ್ಲ ಕೇಳಿದ್ಯಲ್ಲ, ನಿನ್ನನ್ನ ಯಾರು ಕೇಳ್ತಾರೆ? ಯುಗಾದಿಲಿ ಕೈಗೆ ಬ್ಯಾಂಡೇಜ್ ಸುತ್ಕೊಂಡಿದ್ಯಲ್ಲ, ಅದು ಯಾವ ನಾಯಿ?"

ಬೀದಿ ನಾಯಿ ಎಂದು ಆಗ ಎಲ್ಲರಿಗೂ ಹೇಳಿದ್ದೆ. ಆಸ್ಪತ್ರೆಯಲ್ಲೂ ಅದನ್ನೇ ಬರೆಸಿದ್ದೆ. ಈಗಲೂ ಅದನ್ನೇ ಹೇಳಬಹುದಿತ್ತು, ನಂಬುತ್ತಿದ್ದರು. ಎಲ್ಲ ಮನೆಯವರೂ ನನ್ನ ಮುಖ ನೋಡುತ್ತಿದ್ದರು. ನಿಜ ಹೇಳಿದರೆ ಭೀಮ ಹೋಗುತ್ತಾನೆ, ಸುಳ್ಳು ಹೇಳಿದರೆ ಇಷ್ಟೊತ್ತು ಓದಿದ್ದಕ್ಕೆ ಅರ್ಥವೇ ಇಲ್ಲ.

"ನನ್ನ ಭೀಮಾನೇ ಕಚ್ಚಿದ್ದು" ಎಂದೆ. "ಅವನು ಉಣ್ತಿದ್ದ. ತಟ್ಟೆಗೆ ಗುಂಡುಸೂಜಿ ಬಿದ್ದಂಗಾಯ್ತು, ಬಾಯಿಂದ ತುತ್ತು ಕಿತ್ಕೊಂಡೆ, ಕಚ್ಚಿದ. ಸೂಜಿ ಎಲ್ಲಂದ್ರಲ್ಲಿ ಇಟ್ಟಿದ್ದು ನಾನು. ತಪ್ಪನ್ನ ಬೀದಿ ನಾಯಿ ತಲೆಗೆ ಕಟ್ಟಿದವಳೂ ನಾನೇ."

ನಾಗೇಂದ್ರ ಪಟ್ಟಿಯನ್ನೊಮ್ಮೆ, ಹೊಸ ಪುಸ್ತಕವನ್ನೊಮ್ಮೆ ನೋಡಿದರು. ಕ್ಲಿಯರ್ ಆದದ್ದು ಕಚ್ಚಿದ ನಾಯಿ, ಹೊರಡಬೇಕಾದದ್ದು ಕಚ್ಚದ ನಾಯಿ. ಅವರು ವ್ಯಾಪಾರಸ್ಥರು, ಲೆಕ್ಕ ತಪ್ಪಿದ್ದು ಬೇಗ ಗೊತ್ತಾಯಿತು. ಆದರೆ ತೀರ್ಪು ಕೊಟ್ಟದ್ದು ನರಸಮ್ಮನವರು.

"ಕಚ್ಚಿದ ನಾಯಿ ಬಾಯಿಗೆ ಕುಕ್ಕೆ ಕಟ್ಟಿ. ಬಾಗಿಲು ದಾಟಿದ್ರೆ ಕುಕ್ಕೆ ಇರ್ಬೇಕು. ಭೀಮಂಗೂ, ನಮ್ಮ ಪಿಂಕಿಗೂ. ಆ ಹುಡುಗನ ನಾಯಿ ಏನ್ ಮಾಡಿದೆ ಪಾಪ, ಇರ್ಲಿ ಬಿಡೋ ನಾಗೇಂದ್ರ."

"ಅಕ್ಕಾರ, ನನ್ನ ಸಲುವಾಗಿ ನಿಮ್ಮ ಭೀಮಗ..." ಎಂದು ವಿಠ್ಠಲ ತೊದಲಿದ. ಸುಮ್ಮನಿರು ಎಂದು ಗದರಿಸಿ ಒಳಗೆ ಬಂದೆ. ಬಂದವಳೇ ಅತ್ತುಬಿಟ್ಟೆ. ಭೀಮ ಉಳಿದನೆಂಬ ಸಮಾಧಾನವೂ ಇತ್ತು, ಬಾಯಿ ಕಟ್ಟಿಸಿಕೊಳ್ಳಬೇಕಾಯಿತಲ್ಲ ಎಂಬ ಸಂಕಟವೂ ಇತ್ತು.

ಸೋಮವಾರ ವಿಜಯನಗರದಿಂದ ಕುಕ್ಕೆ ತಂದೆ. ಹೊಸ ಚರ್ಮದ ವಾಸನೆಗೆ ಭೀಮ ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿದ. ಬಕ್ಕಲ್ ಹಾಕಲು ಬಾರದೆ ನನ್ನ ಬೆರಳು ಎರಡು ಸಲ ಅವನ ಬಾಯೊಳಗೇ ಹೋಯಿತು. ಅವನು ಕಚ್ಚಲಿಲ್ಲ.