ಕ್ಯಾಸೆಟ್ಟಿನ ಆಚೆ ಮಗ್ಗುಲು

"ಥೂ, ಮೊದಲು ಇದನ್ನ ಹೊರಗ ಒಗಿ," ಎಂದು ಗುಲ್ಜಾರಬೀ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಸೂಟ್‌ಕೇಸಿನ ಮುಚ್ಚಳ ಎತ್ತಿದ್ದೇ ತಡ, ನುಸಿಗುಳಿಗೆ, ಹಳಸಿದ ಅತ್ತರು, ಜಿರಳೆ ಹಿಕ್ಕೆ ಎಲ್ಲ ಕಲೆತ ವಾಸನೆ ಮನೆ ತುಂಬಿತು. ಕೌಲ್‌ಬಜಾರಿನ ಎರಡೇ ಕೋಣೆಯ ಮನೆ, ಮೇಲೆ ಬಳ್ಳಾರಿಯ ಮೇ ತಿಂಗಳು. ಗಂಡ ನನ್ನೇಸಾಬ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನು ಜೆಡ್ಡಾದಿಂದ ತಂದಿದ್ದ ಈ ಸೂಟ್‌ಕೇಸನ್ನು ಅವಳು ಒಂದು ದಿನವೂ ಮುಟ್ಟಿರಲಿಲ್ಲ. ಮುಟ್ಟುವ ಮನಸ್ಸೇ ಇರಲಿಲ್ಲ ಅನ್ನಿ. ಈಗ ಮಗಳು ಫರ್ಜಾನಾ ಅದನ್ನು ಸಜ್ಜದ ಮೇಲಿಂದ ಎಳೆದು ನಡುಮನೆಯಲ್ಲಿ ಹರವಿಕೊಂಡು ಕೂತಿದ್ದಳು.

ಒಳಗೆ ಹದಿನಾರು ಕ್ಯಾಸೆಟ್ಟುಗಳಿದ್ದವು. ಒಂದೊಂದರ ಟೇಪಿನ ಮೇಲೂ ಬೆಳ್ಳಗೆ ಬೂಸ್ಟು, ಡಬ್ಬಿಯ ಮೂಲೆಯಲ್ಲಿ ಜಿರಳೆ ಮೊಟ್ಟೆ. ಫರ್ಜಾನಾ ಜೀನ್ಸ್ ಯೂನಿಟ್ಟಿನಲ್ಲಿ ದಿನಕ್ಕೆ ನಾನೂರು ಪ್ಯಾಂಟು ತಿರುವಿ ದಾರ ಕತ್ತರಿಸುವವಳು, ಅವಳಿಗೆ ತಾಳ್ಮೆ ಜಾಸ್ತಿ. ಕಿವಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿ, ಸಣ್ಣ ಟಿಫಿನ್ ಡಬ್ಬಿಯಷ್ಟಿದ್ದ ಪ್ಲೇಯರಿಗೆ ಕೈಗೆ ಸಿಕ್ಕ ಒಂದು ಕ್ಯಾಸೆಟ್ಟು ಹಾಕಿದಳು. ಪಕ್ಕದಲ್ಲಿ ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು, ಕ್ಯಾಸೆಟ್ಟು ನುಡಿದದ್ದೆಲ್ಲ ಅದರೊಳಗೆ ಇಳಿಯುತ್ತಿತ್ತು. ಅವಸರ ಮಾಡುವಂತಿಲ್ಲ, ಒಂದು ತಾಸಿನ ಕ್ಯಾಸೆಟ್ಟಿಗೆ ಒಂದು ತಾಸೇ ಬೇಕು.

ಇದೆಲ್ಲ ಶಾಕೀರನ ಹುಕುಂ. ಶಾಕೀರ್ ಎಂದರೆ ನನ್ನೇಸಾಬನ ತಮ್ಮ, ಸಿರುಗುಪ್ಪದಲ್ಲಿ ಅಕ್ಕಿ ವ್ಯಾಪಾರ. ಈ ವರ್ಷ ಹಜ್‌ಗೆ ಹೊರಟಿದ್ದ. ಹೊರಡುವ ಮುಂಚಿನ ದಾವತ್‌ನಲ್ಲಿ ನೆಂಟರಿಗೆಲ್ಲ ಅಣ್ಣನ ದನಿ ಕೇಳಿಸಬೇಕು, ಆಮೇಲೆ ಅದನ್ನು ಫ್ಯಾಮಿಲಿ ಗ್ರೂಪಿಗೂ ಹಾಕಬೇಕು ಎಂದು ಅವನಿಗೆ ಆಸೆ ಹುಟ್ಟಿತ್ತು. ಪ್ಲೇಯರನ್ನು ಆನ್‌ಲೈನಿನಲ್ಲಿ ತರಿಸಿ ಕಳಿಸಿದ್ದೂ ಅವನೇ. ದಿನಕ್ಕೆರಡು ಸಲ ಫೋನು.

"ಅಣ್ಣ ಮೊದಲಿಗೆ ಎಲ್ಲರಿಗೂ ಸಲಾಂ ಹೇಳ್ತಾನಲ್ಲ ಬೇಟಿ, ಅಷ್ಟ ಸಾಕು. ಪೂರ್ತಿ ಏನ್ ಬ್ಯಾಡ."

"ಇಷ್ಟು ವರ್ಷ ಇಲ್ಲದ ಪ್ರೀತಿ ಈಗ ಎಲ್ಲಿಂದ ಉಕ್ಕಿತೋ," ಎಂದು ಗುಲ್ಜಾರಬೀ ಗೊಣಗಿದ್ದಳು.

ಆ ಕ್ಯಾಸೆಟ್ಟುಗಳ ಹೆಸರೆತ್ತಿದರೇ ಅವಳಿಗೆ ಆಗುತ್ತಿರಲಿಲ್ಲ. ತೊಂಬತ್ತರಿಂದ ಆರು ವರ್ಷ ನನ್ನೇಸಾಬ ಜೆಡ್ಡಾದಲ್ಲಿದ್ದ. ಅವನಿಗೆ ಬರೆಯಲು ಬಾರದು, ಇವಳಿಗೆ ಓದಲು ಬಾರದು. ಹಾಗಾಗಿ ಕಾಗದದ ಬದಲು ಕ್ಯಾಸೆಟ್ಟು, ಊರಿಗೆ ಬರುವವರ ಕೈಯಲ್ಲಿ. ಬಂದ ದಿನ ಸಿರುಗುಪ್ಪದ ಅತ್ತೆಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂಡುತ್ತಿದ್ದರು. ಟೇಪ್ ರೆಕಾರ್ಡರು ಇಪ್ಪತ್ತು ವರ್ಷದ ಶಾಕೀರನ ತೊಡೆಯ ಮೇಲೆ. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಅಮ್ಮನಿಗೆ ಸಲಾಂ, ದೊಡ್ಡಪ್ಪನಿಗೆ ಸಲಾಂ, ಎದುರುಮನೆ ಪಾರಮ್ಮನಿಗೆ ನಮಸ್ಕಾರ, ಎಮ್ಮೆ ಕರು ಹಾಕಿತಾ ಎಂದು ವಿಚಾರಣೆ. ಎಮ್ಮೆಯೂ ಮುಗಿದ ಮೇಲೆ ಇನ್ನು ತನ್ನ ಹೆಸರು ಬರಬೇಕು ಎಂದು ಗುಲ್ಜಾರಬೀ ಬಾಗಿಲ ಸಂದಿಯಲ್ಲಿ ಉಸಿರು ಹಿಡಿದರೆ, ಟಪ್ ಎಂದು ಗುಂಡಿ ಒತ್ತುವ ಸದ್ದು.

"ಮುಂದ ಬರೇ ವ್ಯವಹಾರದ ಮಾತು. ಹೆಣ್ಮಕ್ಕಳು ಒಳಗ ನಡೀರಿ," ಎನ್ನುತ್ತಿದ್ದ ಶಾಕೀರ.

ಎಮ್ಮೆಗಿಂತ ಕಡೆಯಾದೆನಲ್ಲ ಎಂದು ಅವಳು ಒಲೆಯ ಮುಂದೆ ಕೂತು ಅತ್ತದ್ದುಂಟು. ಬರಬರುತ್ತ ಟಪ್ ಎನ್ನುವ ಮೊದಲೇ ಎದ್ದು ಹೋಗುವುದನ್ನು ಕಲಿತಳು.

ತೊಂಬತ್ತೆರಡರಲ್ಲಿ ಕುರುಗೋಡಿನಲ್ಲಿ ಅವಳ ಅಪ್ಪ ಹಾಸಿಗೆ ಹಿಡಿದ. ಜೀವಮಾನವಿಡೀ ಅರಳೆ ಹಿಂಜಿ ಗಾದಿ ಹೊಲಿದವನಿಗೆ ಎದೆ ತುಂಬ ಧೂಳು. ಬಸ್ಸಿನಲ್ಲಿ ಎರಡು ತಾಸಿನ ದಾರಿ. ಆದರೆ ಅತ್ತೆಗೆ ಲಕ್ವ ಹೊಡೆದಿತ್ತು, ಹೇಲು-ಉಚ್ಚೆ ಬಳಿಯಲು ಸೊಸೆ ಬೇಕಿತ್ತು. "ಗಂಡನ್ನ ಕೇಳು," ಎಂದರು. ಶಾಕೀರನ ಕೈಯಿಂದ ಕೇಳಿಸಿದಳು. ಕ್ಯಾಸೆಟ್ಟು ಬಂತು, ಗುಂಡಿ ಟಪ್ ಎಂದಿತು. "ಅಣ್ಣ ಬ್ಯಾಡ ಅಂದಾನ ಭಾಬಿ. ಅಮ್ಮನ್ನ ಬಿಟ್ಟು ಹೋಗಬಾರದಂತ," ಎಂದ ಶಾಕೀರ. ಅಪ್ಪ ನಲವತ್ತು ದಿನ ಮಗಳ ಹೆಸರು ಹೇಳಿ ಹೇಳಿ ಸತ್ತ. ಅವಳು ಮುಟ್ಟುವ ಹೊತ್ತಿಗೆ ದಫನ್ ಆಗಿಹೋಗಿತ್ತು.

ತೊಂಬತ್ತಾರರಲ್ಲಿ ಗಂಡ ವಾಪಸು ಬಂದ. ಬಂದವನು ಚಪ್ಪಲಿ ಬಿಡುತ್ತಲೇ, "ಆರು ವರ್ಷ ನಿನ್ನ ಬಾಯಿಂದ ಒಂದ್ ಮಾತು ಬರ್ಲಿಲ್ಲಲ್ಲ," ಎಂದ. "ನಿಮ್ಮ ಬಾಯಿಂದ ಬಂದದ್ದ ಸಾಕಾತು," ಎಂದಳು ಇವಳು. ಏನದು ಎಂದು ಇಬ್ಬರಲ್ಲಿ ಒಬ್ಬರು ಕೇಳಿದ್ದರೂ ಒಂದು ನಿಮಿಷದಲ್ಲಿ ಬಗೆಹರಿಯುತ್ತಿತ್ತು. ಇಬ್ಬರೂ ಕೇಳಲಿಲ್ಲ. ಅನ್ನ ಬಡಿಸಿದಳು, ಉಂಡ. ಹಾಗೆ ಇಪ್ಪತ್ತೈದು ವರ್ಷ ಕಳೆಯಿತು. ಕೊನೆಗೆ ಅವನು ತೀರಿಕೊಂಡಾಗ ಮಯ್ಯತ್ತಿನ ಮುಂದೆ ಹೆಂಗಸರೆಲ್ಲ ಸೇರಿ, "ಮಾಫ್ ಮಾಡಿದೆ ಅನ್ನವಾ, ಗಂಡಗ ದಾರಿ ಹಗುರಾಗ್ಲಿ," ಎಂದು ಬೆನ್ನು ತಟ್ಟಿ ತಟ್ಟಿ ಹೇಳಿದರು. ಗುಲ್ಜಾರಬೀ ಬಾಯಿ ಬಿಡಲಿಲ್ಲ. ಅಪ್ಪನ ಮುಖ ಕಾಣಗೊಡದವನಿಗೆ ಎಂಥ ಮಾಫಿ!

ಪ್ಲೇಯರಿನೊಳಗೆ ಟೇಪು ಕಿರುಗುಟ್ಟಿತು. ಆಮೇಲೆ ನನ್ನೇಸಾಬನ ದನಿ ಬಂತು, ಮೂವತ್ತರ ಗಂಡಸಿನ ಗಟ್ಟಿ ದನಿ. ಫರ್ಜಾನಾ ಬಾಯಿಗೆ ಕೈ ಹಿಡಿದಳು. ಅಮ್ಮನಿಗೆ ಸಲಾಂ, ದೊಡ್ಡಪ್ಪನಿಗೆ ಸಲಾಂ, ಎಮ್ಮೆ. ಗುಲ್ಜಾರಬೀ ಹಳೇ ರೂಢಿಯಂತೆ ಎದ್ದು ಅಡುಗೆಮನೆಗೆ ನಡೆದಳು. ಆದರೆ ಈ ಸಲ ಟಪ್ ಎನ್ನಲಿಲ್ಲ.

"ಶಾಕೀರ, ಇಷ್ಟಕ್ಕ ನೀವೆಲ್ಲ ಹೊರಗ ಹೋಗ್ರಿ. ಪೆಟ್ಟಿಗಿ ನಿಮ್ಮ ಭಾಬಿ ಕೈಗೆ ಕೊಟ್ಟು ಹೋಗು."

ಅವಳು ಹೊಸ್ತಿಲಲ್ಲೇ ನಿಂತಳು.

"ಗುಲ್ಜಾರ್... ನಿಮ್ಮಪ್ಪಗ ಆರಾಮಿಲ್ಲ ಅಂತ ಕುರುಗೋಡ್ಲಿಂದ ಬಂದೋರು ಹೇಳಿದ್ರು. ನನ್ನ ಕೇಳಾದೇನೈತಿ, ಹೋಗು. ಕೂಸಿನ್ನ ಕರ್ಕೊಂಡು ಹೋಗಿ ಅವರಿಗೆ ಆರಾಮಾಗಾತನ ಅಲ್ಲೇ ಇರು. ಅಮ್ಮನ್ನ ನೋಡ್ಕೊಳ್ಳಾಕ ಒಬ್ಬ ಹೆಣ್ಮಗಳನ್ನ ಇಡು ಅಂತ ಶಾಕೀರಗ ಹೇಳೀನಿ. ಆದ್ರ ನೀನ್ಯಾಕ ಮಾತಾಡವಲ್ಲಿ? ಪ್ರತಿ ಸಲ ಆಚೆ ಮಗ್ಗುಲು ನಿನಗಂತ ಖಾಲಿ ಬಿಟ್ಟು ಕಳಸ್ತೀನಿ. ನೀನು ಮಾತಾಡಿದ್ದ ಇದ ಕ್ಯಾಸೆಟ್ ನನಗ ವಾಪಸ್ ಬರ್ಲಿ ಅಂತ. ನನ್ ಮ್ಯಾಲ ಸಿಟ್ಟಿದ್ರ ಬೈ. ಬೈದ್ರೂ ಚಲೋ. ನಿನ್ನ ದನಿ ಕೇಳಿ ಎರಡು ವರ್ಷ ಆತು."

ಆ ಮಗ್ಗುಲು ಮುಗಿದ ಮೇಲೆ ಫರ್ಜಾನಾ ಕ್ಯಾಸೆಟ್ಟು ತಿರುವಿ ಹಾಕಿದಳು. ಗಂಟಲು ಸರಿಪಡಿಸಿಕೊಳ್ಳುವ ಸದ್ದು. ರೇಡಿಯೋದವರ ಹಾಗೆ ಠೀವಿ ಮಾಡುವ ಎಳೆಯ ಗಂಡು ದನಿ.

"ಅಸ್ಸಲಾಮು ಅಲೈಕುಂ ಅಣ್ಣಾ. ನಾನು ಶಾಕೀರ್. ಭಾಬಿ ಇಲ್ಲೇ ಕುಂತಾರ, ನಾಚ್ಕೊಂತಾರ, ನೀನ ಹೇಳಿಬಿಡು ಅಂತಾರ. ಅವರಪ್ಪ ಆರಾಮ್ ಆಗ್ಯಾನಂತ. ಅಮ್ಮನ್ನ ಬಿಟ್ಟು ಕುರುಗೋಡಿಗೆ ಹೋಗಾಕ ಮನಸಿಲ್ಲಂತ. ನಿನಗ ಹೇಳಾದು ಬ್ಯಾರೆ ಏನೂ ಇಲ್ಲಂತ. ಮತ್ತ ಅಣ್ಣಾ, ನನಗ ಕರೇ ಪಟ್ಟಿ ವಾಚು, ಮರೀಬ್ಯಾಡ."

ಅಷ್ಟೇ. ಎರಡು ನಿಮಿಷವೂ ಇಲ್ಲ. ಮುಂದೆ ಬರೀ ಸುಯ್ ಎನ್ನುವ ಖಾಲಿ ಟೇಪು.

ಉಳಿದವನ್ನೂ ತಿರುವಿ ನೋಡಿದರು. ಒಂದರಲ್ಲಿ ಭಾಬಿಗೆ ತಲೆನೋವಂತೆ, ಇನ್ನೊಂದರಲ್ಲಿ ಭಾಬಿ ಮಲಗಿದ್ದಾರಂತೆ, ಮತ್ತೊಂದರಲ್ಲಿ ಭಾಬಿಗೆ ಇದೆಲ್ಲ ಸೇರುವುದಿಲ್ಲವಂತೆ. ಪ್ರತಿಯೊಂದರ ಕೊನೆಗೂ ಒಂದು ಬೇಡಿಕೆ: ಬೂಟು, ಸೆಂಟು, ಚರ್ಮದ ಜಾಕೀಟು. ಗುಲ್ಜಾರಬೀ ಎದ್ದು ಬಚ್ಚಲಿಗೆ ಹೋದಳು. ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಶಾಕೀರನ ಮೇಲೆ ಹೇಸಿಗೆ ಸರಿ. ಮಯ್ಯತ್ತಿನ ಮುಂದೆ ಬಿಗಿದುಕೊಂಡು ಕೂತ ತನ್ನ ಈ ಬಾಯಿಯ ಮೇಲೂ ಅವಳಿಗೆ ಹೇಸಿಗೆ ಹತ್ತಿತ್ತು.

"ನಾಚಿಕಿಗೇಡಿ!" ಫರ್ಜಾನಾ ಮೊಬೈಲು ತೆಗೆದುಕೊಂಡಳು. "ಅಪ್ಪ ನಿನಗಂತ ಆಡಿದ ಮಾತು ಈ ಮನುಷ್ಯ ಒಬ್ಬನ ಕುಂತು ಕೇಳ್ಯಾನಲ್ಲಮ್ಮಾ. ಈಗಿಂದೀಗ ಗ್ರೂಪಿಗೆ ಹಾಕ್ತೀನಿ. ಎಲ್ಲರೂ ಕೇಳ್ಲಿ."

"ಬ್ಯಾಡ," ಎಂದಳು ಗುಲ್ಜಾರಬೀ. "ಅವನ ಬರ್ತಾನ. ಮಾಫಿ ಕೇಳಾಕ ಬರ್ಲೇಬೇಕಲ್ಲ."

ಅದೂ ನಿಜವೇ. ಹಜ್‌ಗೆ ಹೊರಟವರು ನೆಂಟರಿಷ್ಟರ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಆದ ತಪ್ಪಿಗೆಲ್ಲ ಮಾಫಿ ಕೇಳಿಕೊಂಡೇ ಹೊರಡಬೇಕು. ನೊಂದವರು ಮಾಫ್ ಮಾಡದಿದ್ದರೆ ಹೋಗಿಬಂದದ್ದು ಕಾಲು ಸವೆಸಿದಂತೆ ಎಂದು ನಂಬಿದ ಜನ.

ಶುಕ್ರವಾರ ನಮಾಜು ಮುಗಿಸಿ ಶಾಕೀರ್ ಬಂದ. ಹೊಸ ಬಿಳಿ ಜುಬ್ಬಾ, ಮೆಹಂದಿ ಹಚ್ಚಿದ ಗಡ್ಡ, ಮೂರು ಮನೆ ಆಚೆಗೆ ಹೊಡೆಯುವಷ್ಟು ಅತ್ತರು. ಸ್ವೀಟಿನ ಡಬ್ಬಿ ಮುಂದಿಟ್ಟು ಕುರ್ಚಿಯಲ್ಲಿ ಕೂತು, ಬಾಯಿಯ ಎಲೆಯಡಿಕೆಯನ್ನು ಒಂದು ದವಡೆಗೆ ನೂಕಿದ. ತುಟಿಯ ಅಂಚಿನಲ್ಲಿ ಕೆಂಪು ರಸ ಇಳಿಯಿತು, ಕೈಬೆರಳಿಂದ ಒರೆಸಿ ಬೆರಳನ್ನು ಕುರ್ಚಿಯ ಬಟ್ಟೆಗೆ ತಿಕ್ಕಿದ. ಗುಲ್ಜಾರಬೀ ಆ ಕಲೆಯನ್ನೇ ನೋಡುತ್ತ ನೆಲದ ಮೇಲೆ ಕೂತಿದ್ದಳು.

"ಮಂಗಳವಾರ ಫ್ಲೈಟು ಭಾಬಿ. ನಿನ್ನಿ ನಲವತ್ತು ಮನಿ ಮುಗಿಸಿದೆ, ಕಾಲು ಸೋತು ಹೋದ್ವು. ನನ್ನಿಂದ ಏನಾರ ತಪ್ಪಾಗಿದ್ರ ಮಾಫ್ ಮಾಡ್ರಿ." ನಲವತ್ತು ಮನೆಯಲ್ಲಿ ಹೇಳಿದ ಮಾತು, ಬಾಯಿಗೆ ಸಲೀಸಾಗಿತ್ತು. ಅವಳ ಉತ್ತರಕ್ಕೂ ಕಾಯದೆ ಫರ್ಜಾನಾಳ ಕಡೆ ತಿರುಗಿದ. "ಆತೇನ್ ಬೇಟಿ, ಅಣ್ಣನ ದನಿ?"

"ಆಗೈತಿ ಚಾಚಾ. ಕೇಳ್ರಿ."

ಅವಳು ಗುಂಡಿ ಒತ್ತಿದಳು. ಠೀವಿಯ ದನಿ ಶುರುವಾಯಿತು. ಶಾಕೀರ್ ಮೊದಲಿಗೆ ಮುಗುಳ್ನಕ್ಕ. "ಯಾರಿದು? ಎಷ್ಟ ಚಂದ ಮಾತಾಡ್ತಾನ..." ನಾನು ಶಾಕೀರ್ ಎಂದಿತು ಪ್ಲೇಯರು. ಭಾಬಿ ನಾಚ್ಕೊಂತಾರ ಎಂದಿತು. ಅಗಿಯುತ್ತಿದ್ದ ದವಡೆ ನಿಂತಿತು. ಕರೇ ಪಟ್ಟಿ ವಾಚಿನ ಮಾತು ಬರುವಷ್ಟರಲ್ಲಿ ಅವನು ಕುರ್ಚಿಯ ತುದಿಗೆ ಬಂದಿದ್ದ.

"ಹುಡುಗಬುದ್ಧಿ ಭಾಬಿ. ಅಮ್ಮ ಹಂಗ ಹೇಳು ಅಂದ್ಲು. ನೀವು ಹೋಗಿದ್ರ ಅಮ್ಮನ್ನ ಯಾರು ನೋಡ್ತಿದ್ರು? ನಾನೊಬ್ಬ ಗಂಡಸು, ಅದನ್ನೆಲ್ಲ ಹೆಂಗ ಮಾಡ್ಲಿ?"

"ಒಬ್ಬಾಕಿನ್ನ ಇಡು ಅಂತ ನಿಮ್ಮಣ್ಣ ಹೇಳಿದ್ದ."

"ಸತ್ತೋರ ವಿಷಯ ಈಗ್ಯಾಕ?" ಅವನು ಪ್ಲೇಯರಿಗೆ ಕೈ ಚಾಚಿದ. "ಆ ಕ್ಯಾಸೆಟ್ ಇಲ್ಲಿ ಕೊಡು ಬೇಟಿ. ಪೆನ್‌ಡ್ರೈವ್‌ದಾಗಿಂದೂ ಅಳಿಸಿಬಿಡು."

ಫರ್ಜಾನಾ ಅಂಗೈಯನ್ನು ಪ್ಲೇಯರಿನ ಮೇಲೆ ಕವುಚಿದಳು. ಟೇಪು ಸುಯ್ ಎಂದು ಓಡುತ್ತಲೇ ಇತ್ತು. ಶಾಕೀರ್ ಕುರ್ಚಿಯಿಂದ ಇಳಿದು ಅತ್ತಿಗೆಯ ಎದುರು ಮಂಡಿಯೂರಿದ. ಈಗ ಅವನ ದನಿಯಲ್ಲಿ ಸಲೀಸಿರಲಿಲ್ಲ.

"ಭಾಬಿ, ಕಾಲು ಮುಟ್ತೀನಿ. ಇಷ್ಟು ವರ್ಷಕ್ಕ ನಂಬರ್ ಬಂದೈತಿ. ಮಾಫ್ ಮಾಡಿದೆ ಅಂತ ಒಂದ ಒಂದ್ ಮಾತು ಹೇಳಿಬಿಡ್ರಿ."

ಎಲೆಯಡಿಕೆಯ ಬಿಸಿ ಉಸಿರು ಮುಖಕ್ಕೆ ಬಡಿಯಿತು. ಗುಲ್ಜಾರಬೀ ಹಿಂದೆ ಸರಿದಳು, ಕಾಲನ್ನೂ ಸೀರೆಯೊಳಗೆ ಎಳೆದುಕೊಂಡಳು.

"ನಾನ್ಯಾಕ ಹೇಳ್ಲಿ ಶಾಕೀರಾ? ನನ್ನ ಮಾತು ನೀನ ಹೇಳಾದು ಮೊದಲಿಂದ ರೂಢಿ ಐತಲ್ಲ. ಅಲ್ಲಿ ಹೋಗಿ ಕಾಬಾದ ಮುಂದ ನಿಂತು ನೀನ ಹೇಳು. ಭಾಬಿ ನಾಚ್ಕೊಂತಾರ, ಮಾಫ್ ಮಾಡ್ಯಾರಂತ ಅನ್ನು."

ಎಲೆಯಡಿಕೆಯ ರಸ ಅವನ ಗಲ್ಲದ ಮೇಲಿಂದ ಬಿಳಿ ಜುಬ್ಬಾಕ್ಕೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಗೋಡೆ ಹಿಡಿದು ಎದ್ದು, ಬಾಗಿಲಾಚೆ ಚಪ್ಪಲಿ ತಡಕಾಡಿ ಹೋದ. ಓಣಿಯ ತುದಿಯಲ್ಲಿ ಆಟೋ ಕರೆಯುವ ದನಿ ಕೇಳಿತು. ಸ್ವೀಟಿನ ಡಬ್ಬಿಯನ್ನು ಗುಲ್ಜಾರಬೀ ಎರಡು ಬೆರಳಲ್ಲಿ ಎತ್ತಿ ಹೊಸ್ತಿಲಾಚೆ ಇಟ್ಟಳು, ಕುರ್ಚಿಯ ಬಟ್ಟೆಯನ್ನು ಎಳೆದು ಬಕೀಟಿಗೆ ಹಾಕಿದಳು.

"ಇನ್ನ ಮುಂದ ಖಾಲಿ ಐತಮ್ಮಾ, ಇನ್ನೊಂದು ಇಪ್ಪತ್ತು ನಿಮಿಷ," ಎಂದಳು ಫರ್ಜಾನಾ. "ಬಂದ್ ಮಾಡ್ಲಾ?"

"ಬ್ಯಾಡ. ಓಡ್ಲಿ ಬಿಡು."

ಗುಲ್ಜಾರಬೀ ಕೈ ತೊಳೆದು ಬಂದು ಪ್ಲೇಯರಿನ ಮುಂದೆ ಕೂತಳು. ಸೆರಗು ತಲೆಯ ಮೇಲೆಳೆದುಕೊಂಡಳು. ಸಣ್ಣ ಕಿಟಕಿಯೊಳಗೆ ಎರಡು ಚಕ್ರ ನಿಧಾನಕ್ಕೆ ತಿರುಗುತ್ತಿದ್ದವು. ಬಹಳ ಹೊತ್ತು ನೋಡಿ, ಬಗ್ಗಿ, ಬಾಯಿಯನ್ನು ಅದರ ಹತ್ತಿರ ತಂದಳು.

"ಏನ್ರೀ," ಎಂದಳು.

ಅದು ಬರೀ ನುಡಿಸುವ ಯಂತ್ರ, ಇಲ್ಲಿ ಆಡಿದ್ದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ ಎಂದು ಫರ್ಜಾನಾ ಹೇಳಲಿಲ್ಲ. ಎದ್ದು ಹೋಗಿ, ಗಡಗಡ ಸದ್ದು ಮಾಡುತ್ತಿದ್ದ ಫ್ಯಾನನ್ನು ಆರಿಸಿದಳು.