ಕೂಸು ಆಡಲಿಕ್ಕೆ ಒಂದು ಖೋಲಿ

ಶಹಾಬಾದದ ನೆಲಹಾಸು ಪರಸಿ ಕಲ್ಲಿನ ಖಣಿಗೆ ಕೂಲಿ ಹೋಗುವ ತಾಯಿಗೆ ತಲೆ ಮೇಲೆ ಒಂದು ಭಾರ, ಎದೆಯೊಳಗೆ ಇನ್ನೊಂದು ಭಾರ. ತಲೆ ಮೇಲಿನದನ್ನು ಇಳಿಸಬಹುದು. ಎದೆಯೊಳಗಿನದು ಕೂಸಿನ ಚಿಂತೆ, ಅದು ಇಳಿಯುವುದಿಲ್ಲ. ಸೂಗಮ್ಮನ ಪಾಡೂ ಹೀಗೇ ಇತ್ತು.

ಅವಳ ಗಂಡ ಅಂಬಾರಾಯ ಖಣಿಯ ತಳದಲ್ಲಿ ಕಲ್ಲು ಸೀಳುತ್ತಿದ್ದ. ಸೀಳಿ ಉಳಿದ ಚಕ್ಕೆ, ಚೂರುಗಳನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ತಂದು ಸುರಿಯುವುದು ಸೂಗಮ್ಮನ ಕೆಲಸ. ಮಗಳು ರಾಚಮ್ಮ ಎಳೆಗೂಸಾಗಿದ್ದಾಗ ಹೇಗೋ ನಡೆಯಿತು. ದಂಡೆಯ ಬೇವಿನ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿ, ಅದರಲ್ಲಿ ಮಲಗಿಸಿ ಬರುತ್ತಿದ್ದಳು. ಈ ಬೇಸಿಗೆಗೆ ರಾಚಮ್ಮನಿಗೆ ಕಾಲು ಬಂದವು. ತಪ್ಪುಹೆಜ್ಜೆ ಇಡುತ್ತ, ಬಿದ್ದು ಎದ್ದು, ಎಲ್ಲಿ ಬೇಕೆಂದರೆ ಅಲ್ಲಿ ಹೋಗತೊಡಗಿದಳು. ಬೇವಿನ ಮರದ ಆಚೆ ಖಣಿ ಬಾಯಿ ತೆರೆದು ಮಲಗಿತ್ತು. ತಳದಲ್ಲಿ ಹಳೆ ಮಳೆಯ ಹಸಿರು ನೀರು.

ಒಂದು ದಿನ ಸೂಗಮ್ಮ ಬುಟ್ಟಿ ಹೊತ್ತು ಮೇಲೆ ಬರುವಾಗ ತಲೆ ಎತ್ತಿ ನೋಡಿದರೆ ರಾಚಮ್ಮ ಅಂಚಿನಲ್ಲೇ ಕುಳಿತು ಕೆಳಗೆ ಕಲ್ಲು ಚೆಲ್ಲುತ್ತಿದ್ದಾಳೆ! ಕೂಗಿದರೆ ಕೂಸು ಬೆದರೀತು, ಕೂಗದಿದ್ದರೆ ಜಾರೀತು. ಸೂಗಮ್ಮ ಬುಟ್ಟಿ ಅಲ್ಲೇ ಇಟ್ಟು, ಉಸಿರು ಬಿಗಿಹಿಡಿದು ಬೆಕ್ಕಿನ ಹಾಗೆ ಹತ್ತಿ ಹೋಗಿ ಹಿಡಿದಳು. 

ಮರುದಿನದಿಂದ ಕೂಸಿನ ಸೊಂಟಕ್ಕೆ ಸೀರೆಯ ತುಂಡು ಬಿಗಿದು ಮರಕ್ಕೆ ಕಟ್ಟಿದಳು. ಕೂಸು ಅತ್ತು ಅತ್ತು ಕೊರಳು ಕಟ್ಟಿಸಿಕೊಂಡಿತು. ಸೊಂಟ ಕೆಂಪಾಗಿ ಸುಲಿಯಿತು.

ಮನೆಯಲ್ಲಿ ಬಿಟ್ಟು ಬರೋಣವೆಂದರೆ ಅತ್ತೆ ಭಾಗಮ್ಮನಿಗೆ ಮೊಣಕಾಲು ನೋವು. ಓಡುವ ಕೂಸಿನ ಹಿಂದೆ ಅವಳು ಓಡಲಾರಳು. ಅವಳೇ ಒಂದು ದಿನ ದಾರಿ ತೋರಿಸಿದಳು.

"ಅಫೀಮ ತರಸೀನಿ. ಸಾಸಿವಿಕಾಳಷ್ಟು ಹಾಲಿನಾಗ ತೇದು ನೆಕ್ಕಸು. ಸಂಜಿತನಾ ಸುಮ್ಮ ಮಕ್ಕೊಂತದ."

"ಏನರ ಆದೀತಲ್ಲ ಅತ್ತೀ?"

"ಏನಾಗ್ತದ? ನಿನ್ನ ಗಂಡಗ ನಾ ಕೊಟ್ಟಿಲ್ಲೇನ? ಇವತ್ತ ಕಲ್ಲು ಸೀಳಾಕತ್ಯಾನೋ ಇಲ್ಲೋ? ಓಣ್ಯಾಗ ಯಾರ ಕೊಡಂಗಿಲ್ಲ ಹೇಳು!"

ಸೂಗಮ್ಮ ಕೊಟ್ಟಳು. ಕೂಸು ಮಲಗಿತು. ಎಷ್ಟೋ ದಿನಗಳ ಮೇಲೆ ಅವಳು ಹಿಂದೆ ತಿರುಗಿ ನೋಡದೆ ಬುಟ್ಟಿ ಹೊತ್ತಳು. ಕೆಲಸ ನಿಧಾನವೆಂದು ಬೈಯುತ್ತಿದ್ದ ಮೇಸ್ತ್ರಿ ಮುಕಾದಮನ ಬಾಯೂ ನಿಂತಿತು. ಆದರೆ ದಿನ ಕಳೆದಂತೆ ರಾಚಮ್ಮ ಬಡವಾದಳು. ರೊಟ್ಟಿ ತಿನ್ನಲೊಲ್ಲಳು. ಅಪ್ಪ ಬಂದರೆ ಕೈ ಚಾಚುತ್ತಿದ್ದ ಕೂಸು ಈಗ ಬರಿದೇ ನೋಡುತ್ತಿತ್ತು. ಸೂಗಮ್ಮನಿಗೆ ಅದು ಕಾಣುತ್ತಿತ್ತು. ಬಿಸಿಲಿಗೆ ಹಾಗಾಗಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅವಳ ಜೊತೆ ಬುಟ್ಟಿ ಹೊರುವವಳು ಪಕ್ಕದ ಮನೆಯ ಚಾಂದಬೀ. ಚಾಂದಬೀಗೆ ಮೂರು ವರ್ಷದ ಮಗ, ಹೆಸರು ಸರ್ದಾರ. ಈಚೆಗೆ ಅವಳು ಅವನನ್ನು ಖಣಿಗೆ ತರುತ್ತಿರಲಿಲ್ಲ.

"ಸರ್ದಾರಗ ಎಲ್ಲಿ ಬಿಡ್ತಿ ಆಪಾ?" ಎಂದು ಸೂಗಮ್ಮ ಕೇಳಿದಳು.

"ಟೇಶನ್ ಹಾದ್ಯಾಗ ಹಳೀ ಮುಸಾಫಿರಖಾನಾ ಅದಲ್ಲ, ಅಲ್ಲಿ. ವಿಮಲಾಬಾಯಿಯೋರು ಸಣ್ಣ ಮಕ್ಕಳಿಗಂತ ಬಾಗಲಾ ತೆಗಸ್ಯಾರ. ಮುಂಜಾನಿ ಬಿಡೋದು, ಸಂಜಿಗಿ ಕರಕೊಂಡು ಬರೋದು. ಒಳಗ ತಂಪಿಗಿ ಆಡ್ತಾವ. ನಿನ್ನ ಕೂಸಿಗೂ ಕರಕೊಂಡು ಬಾ."

ವಿಮಲಾಬಾಯಿ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಹೆಸರು ಸೂಗಮ್ಮನೂ ಕೇಳಿದ್ದಳು. ಮನೆಗೆ ಬಂದು ಅತ್ತೆಯ ಮುಂದೆ ಮಾತು ತೆಗೆದಳು. ಭಾಗಮ್ಮ ಸಿಡಿದುಬಿದ್ದಳು.

"ಮುಸಾಫಿರಖಾನಾದಾಗ? ಹೋಗೋ ಬರೋ ಮಂದಿ ಮಕ್ಕೊಳ್ಳೋ ಜಾಗಾದಾಗ? ಊರ ಮಕ್ಕಳ ನೆಗಡಿ, ದಡಾರ ಎಲ್ಲಾ ನಮ್ಮ ಕೂಸಿಗಿ ಹತ್ತಬೇಕೇನ? ಯಾರ ಕಣ್ಣು ಹೆಂಗಿರ್ತದೋ! ನಾ ಸತ್ತಿಲ್ಲ ಇನ್ನಾ. ದಿಕ್ಕಿಲ್ಲದ ಕೂಸಿನಂಗ ಅಲ್ಲಿ ಕುಂದ್ರಸಬ್ಯಾಡ."

 ಖರೇ ಹೇಳಬೇಕೆಂದರೆ ಸೂಗಮ್ಮನಿಗೂ ಅಂಜಿಕೆಯೇ ಇತ್ತು. ಗುರುತಿಲ್ಲದವರ ಕೈಯಲ್ಲಿ ಕೂಸು ಕೊಟ್ಟು ಬೆನ್ನು ತಿರುಗಿಸುವುದು ಹೇಗೆ? ಅದಕ್ಕಿಂತ ಕಣ್ಣೆದುರು ಮಲಗಿದ್ದರೇ ಸೈ ಅನಿಸಿತು.

ಹೀಗಿರುವಾಗ ರಾಚಮ್ಮನಿಗೆ ಹಲ್ಲು ಬರುವ ಹೊತ್ತು. ಒಂದು ದಿನ ನಸುಕಿನಲ್ಲೇ ಎದ್ದು ಕಿರಿಕಿರಿ ಹಚ್ಚಿದಳು. ಸೂಗಮ್ಮ ನೀರಿಗೆ ಹೋಗಿದ್ದಳು. ಅಳು ನಿಲ್ಲಲೆಂದು ಭಾಗಮ್ಮ ತಾನೇ ಅಫೀಮು ತೇದು ನೆಕ್ಕಿಸಿದಳು. ಸೊಸೆಗೆ ಹೇಳಲು ಮರೆತಳು. ಖಣಿಗೆ ಹೋದ ಮೇಲೆ ಕೂಸು ಜೋಳಿಗೆಯಲ್ಲಿ ಒಮ್ಮೆ ಮುಲುಗುಟ್ಟಿತು. ಎದ್ದೀತೆಂದು ಹೆದರಿ ಸೂಗಮ್ಮನೂ ದಿನದಂತೆ ಕೊಟ್ಟಳು.

ಬುತ್ತಿ ಬಿಚ್ಚುವ ಹೊತ್ತಿಗೆ ಜೋಳಿಗೆಗೆ ಕೈ ಹಾಕಿದಳು. ಕೂಸಿನ ಕೈ ಎತ್ತಿದರೆ ತೊಪ್ಪನೆ ಬಿತ್ತು. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಂದು ಉಸಿರು ಬಂದರೆ ಇನ್ನೊಂದಕ್ಕೆ ಕಾಯಬೇಕಾಗಿತ್ತು.

"ರಾಚೂ! ಏ ರಾಚೂ! ಯವ್ವಾ, ಕಣ್ಣ ತೆಗಿ!"

ಮಂದಿ ಸೇರಿದರು. ಬಿಸಿಲಿನ ಝಳ ಬಡಿದಿದೆ, ನೀರು ಚಿಮುಕಿಸಿರೆಂದು ಮುಕಾದಮ ಹೇಳಿದ. ಚಾಂದಬೀ ಕೂಸಿನ ಕಣ್ಣೆವೆ ಬಿಡಿಸಿ ನೋಡಿದಳು. "ಸೂಗಮ್ಮ, ಇದಕ್ಕ ಏನ ಕೊಟ್ಟಿ?"

"ಏನೂ ಕೊಟ್ಟಿಲ್ಲ," ಎಂದಳು ಸೂಗಮ್ಮ. ಹಾಗೆ ಅಂದ ತನ್ನ ಬಾಯನ್ನು ಅವಳು ಮುಂದೆ ಎಷ್ಟು ಸಲ ಶಪಿಸಿಕೊಂಡಳೋ!

ಕೆಳಗಿನಿಂದ ಓಡಿಬಂದ ಅಂಬಾರಾಯ ಕೂಸನ್ನು ಎದೆಗೆ ಅವುಚಿಕೊಂಡು ಸರಕಾರಿ ದವಾಖಾನೆಯ ಕಡೆ ಓಡಿದ. ಹಿಂದೆ ಸೂಗಮ್ಮ, ಚಾಂದಬೀ. ಕಾಯ್ದ ಕಲ್ಲಿನ ದಾರಿಯಲ್ಲಿ ಸೂಗಮ್ಮನ ಚಪ್ಪಲಿ ಎಲ್ಲಿ ಬಿದ್ದವೋ ಅವಳಿಗೆ ತಿಳಿಯಲಿಲ್ಲ.

ಡಾಕ್ಟರು ಕೂಸನ್ನು ಮೇಜಿನ ಮೇಲೆ ಮಲಗಿಸಿ ಕೇಳಿದರು: "ಏನ ತಿಂದದ? ಏನ ಕುಡದದ?"

ಸೂಗಮ್ಮ ನೆಲ ನೋಡುತ್ತ ನಿಂತಳು. ಗಂಡ ಎದುರಿಗಿದ್ದ. ಊರ ಮಂದಿ ಬಾಗಿಲಲ್ಲಿ ಇಣುಕುತ್ತಿದ್ದರು. ಕೂಸನ್ನು ಕೊಂದ ತಾಯಿ ಅಂದಾರು. ಚಾಂದಬೀ ಅವಳ ರಟ್ಟೆ ಹಿಡಿದು ಅಲುಗಿಸಿದಳು. "ಈಗ ನಾಚಗೀ ನೋಡಿದ್ರ ಕೂಸು ಹೋಗ್ತದ ನೋಡು! ಬಾಯಿ ಬಿಡು!"

"ಅಫೀಮ... ಅಫೀಮ ಕೊಟ್ಟೀನ್ರಿ ಸಾಹೇಬ್ರ."

"ಎಷ್ಟು?"

ಹೇಳಿದಳು. ಡಾಕ್ಟರು ತಲೆ ಅಲ್ಲಾಡಿಸಿದರು. "ಅಷ್ಟಕ್ಕ ಇಷ್ಟ ಆಗಂಗಿಲ್ಲ. ಮತ್ತ ಯಾರ ಕೊಟ್ಟಾರ?"

ಆ ಹೊತ್ತಿಗೆ ಸುದ್ದಿ ಕೇಳಿ ಭಾಗಮ್ಮ ಕೋಲೂರಿಕೊಂಡು ಬಾಗಿಲಿಗೆ ಬಂದಿದ್ದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಕೋಲು ಕೈಯಿಂದ ಜಾರಿತು. "ಮುಂಜಾನಿ ನಾನೂ ಕೊಟ್ಟೀನೋ ಯಪ್ಪಾ," ಎಂದು ಕೂಗಿದಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು ಯಾರನ್ನು ಬೈಯಬೇಕು?

ಡಾಕ್ಟರು ಹೊಟ್ಟೆ ತೊಳೆದರು, ಸೂಜಿ ಹಾಕಿದರು. ಉಸಿರು ನಿಂತು ನಿಂತು ಬರುತ್ತಿತ್ತು, ಅವರು ಮಗ್ಗುಲು ಬಿಟ್ಟು ಕದಲಲಿಲ್ಲ. ಅಂಬಾರಾಯ ಮಗಳ ಅಂಗಾಲು ತಿಕ್ಕುತ್ತ ಅವಳ ಹೆಸರು ಹಿಡಿದು ಕರೆಯುತ್ತಲೇ ಇದ್ದ. ಸೂಗಮ್ಮನ ಕಣ್ಣು ಕೂಸಿನ ಹೊಟ್ಟೆಯ ಮೇಲೆ ನೆಟ್ಟಿತ್ತು. ಅದು ಮೇಲೆ ಎದ್ದರೆ ಅವಳೂ ಉಸಿರಾಡುವಳು, ಇಳಿದರೆ ಮತ್ತೆ ಏಳುವವರೆಗೆ ಅವಳ ಉಸಿರೂ ನಿಲ್ಲುವುದು.

ಹೊತ್ತು ಮುಳುಗುವಾಗ ರಾಚಮ್ಮ ಮುಖ ಸಿಂಡರಿಸಿದಳು. ಆಮೇಲೆ ಸಣ್ಣಗೆ ಅತ್ತಳು. ಆಮೇಲೆ ದವಾಖಾನೆ ಹಾರಿಹೋಗುವಂತೆ ಅತ್ತಳು. ಯಾವ ಅಳುವನ್ನು ನಿಲ್ಲಿಸಲು ಅತ್ತೆ ಸೊಸೆ ಇಬ್ಬರೂ ಪಾಡುಪಟ್ಟಿದ್ದರೋ, ಆ ಅಳು ಕೇಳಿ ಇಬ್ಬರೂ ಕೈ ಮುಗಿದರು.

ಡಾಕ್ಟರು ಬೆವರು ಒರೆಸಿಕೊಂಡು ಅಂದರು: "ತಡಾ ಮಾಡಿದ್ರ ಕೂಸು ಕೈಗಿ ಹತ್ತತಿದ್ದಿಲ್ಲ. ಇನ್ನ ಮ್ಯಾಲ ಅಫೀಮ ಮುಟ್ಟಬ್ಯಾಡ್ರಿ."

"ಮುಟ್ಟಂಗಿಲ್ರಿ," ಎಂದಳು ಸೂಗಮ್ಮ. ಆಮೇಲೆ ತಲೆ ಎತ್ತಿ ಕೇಳಿದಳು: "ಅದು ಬಿಟ್ಟ ಮ್ಯಾಲ ಕೂಸಿಗಿ ಎಲ್ಲಿ ಇಡಲ್ರಿ? ಖಣೀ ದಂಡಿಗ್ಯಾ?"

ಡಾಕ್ಟರ ಬಳಿ ಅದಕ್ಕೆ ಔಷಧ ಇರಲಿಲ್ಲ. ಚಾಂದಬೀಯ ಬಳಿ ಇತ್ತು. "ಕೂಸಿಗಿ ಆರಾಮ ಆದ ಮ್ಯಾಲ ನನ್ನ ಜೋಡಿ ಬಾ. ಬಿಡಬ್ಯಾಡ, ಬರೇ ನೋಡು," ಎಂದಳು.

ಕೂಸು ಪೂರ್ತಿ ಚೇತರಿಸಿಕೊಂಡ ಮೇಲೆ ಸೂಗಮ್ಮ ಅದನ್ನು ಎತ್ತಿಕೊಂಡು ಮುಸಾಫಿರಖಾನೆಗೆ ಹೋದಳು. ಭಾಗಮ್ಮನೂ ಕೋಲೂರುತ್ತ ಹಿಂದೆ ಬಂದಳು. ತಾನು ಕಣ್ಣಾರೆ ನೋಡದೆ ಒಪ್ಪುವವಳಲ್ಲ.

ದಪ್ಪ ಗೋಡೆಯ ಖೋಲಿ ಅದು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಕಾಲಿಟ್ಟರೆ ಪರಸಿಯ ನೆಲ ತಣ್ಣಗೆ. ಬಾಗಿಲಿಗೆ ಅಡ್ಡ ಹಲಗೆ, ದೊಡ್ಡವರು ದಾಟಬಹುದು, ಕೂಸು ದಾಟಲಾರದು. ಮಕ್ಕಳು ಸೀಮೆಸುಣ್ಣದಿಂದ ನೆಲದ ಮೇಲೆ ಗೀಚುತ್ತಿದ್ದರು. ಬಟ್ಟೆಯ ಗೊಂಬೆ, ಬಡಿಗೇರ ಉಜ್ಜಿ ನುಣುಪು ಮಾಡಿಕೊಟ್ಟ ಕಟ್ಟಿಗೆ ತುಂಡು, ಒಂದು ಮೂಲೆಯಲ್ಲಿ ಜೋಳದ ದಂಟಿನ ಬಂಡಿ. ಸರ್ದಾರ ಆ ಬಂಡಿ ಎಳೆಯುತ್ತ, ಎತ್ತುಗಳನ್ನು ಬೈಯುತ್ತ ಸುತ್ತುತ್ತಿದ್ದ.

ಭಾಗಮ್ಮ ಪಂಚಾಯ್ತಿಗೆ ಕುಳಿತವಳ ಹಾಗೆ ಕುಳಿತಳು. "ಬಾಯಿಯವರ, ಯಾವುದರ ಕೂಸಿಗಿ ಜ್ವರಾ ಬಂದ್ರ?"

"ಆ ಕೂಸು ಆವತ್ತ ಮನ್ಯಾಗೇ ಇರಬೇಕ್ರಿ. ಮೈ ಮುಟ್ಟಿ ನೋಡೇ ಒಳಗ ಕರಕೋತೀವಿ," ಎಂದರು ವಿಮಲಾಬಾಯಿ.

"ನೀರು?"

"ಕಾಸಿ ಆರಿಸಿದ್ದು. ಬುತ್ತಿ ನಿಮ್ಮ ಮನೀದೇ ತರ್ರಿ."

"ನೀವ ಒಳಗ ಹೋದಾಗ ಕೂಸು ಹೊರಗ ಹೋದ್ರ?"

"ಯಾವಾಗಲೂ ಇಬ್ಬರು ಇರ್ತೀವ್ರಿ. ನನ್ನ ಜೋಡಿ ಇರೋ ಸೈದಾನಬಿ ಬಾಗಲಾ ಬಿಟ್ಟು ಏಳಂಗಿಲ್ಲ. ಕೊಟ್ಟವರ ಕೈಗೇ ಕೂಸು ವಾಪಸ ಕೊಡ್ತೀವಿ. ಮತ್ತ ಒಂದು ಮಾತು, ಇಲ್ಲಿ ಯಾವ ಕೂಸಿಗೂ ನಿದ್ದೀ ಔಷಧ ಇಲ್ಲ. ಆಡಿ ದಣದ ಕೂಸು ತಾನೇ ಮಕ್ಕೊಂತದ್ರಿ. ಕಟ್ಟಿ ಹಾಕಿದ ಕೂಸು, ಮಂಪರದಾಗ ಬಿದ್ದ ಕೂಸು ಬೆಳೆಯೋದು ಹೆಂಗ? ಓಡಬೇಕು, ಬೀಳಬೇಕು, ಮಾತಾಡಬೇಕು. ಅದೂ ಅದಕ್ಕ ಊಟ ಇದ್ದಂಗೇ."

 ಭಾಗಮ್ಮನ ಕಣ್ಣು ಮೊಮ್ಮಗಳ ಮೇಲಿತ್ತು. ರಾಚಮ್ಮ ಮೊದಲು ಅವ್ವನ ಸೀರೆ ಬಿಡಲೇ ಇಲ್ಲ. ದಂಟಿನ ಬಂಡಿ ಎದುರಿಗೆ ಎರಡು ಸುತ್ತು ಹೋದ ಮೇಲೆ ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದು. ತೂರಾಡುತ್ತ ಹೋಗಿ ಬಂಡಿಯ ಹಿಂದೆ ಹಿಡಿದು ನೂಕಿದಳು. ಸರ್ದಾರ ಬಂಡಿ ಸಮೇತ ಮುಗ್ಗರಿಸಿದ. ರಾಚಮ್ಮ ಕಿಲಕಿಲ ನಕ್ಕಳು.

ಆ ನಗು ಸೂಗಮ್ಮನಿಗೆ ಮರೆತೇಹೋಗಿತ್ತು. ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

"ನಾಳಿಗಿ ಬಿಡು," ಎಂದಳು ಭಾಗಮ್ಮ ಮೆಲ್ಲಗೆ. ಆಮೇಲೆ ವಿಮಲಾಬಾಯಿಗೆ, "ನನಗ ಓಡಾಕ ಬರಂಗಿಲ್ರಿ. ಕುಂತು ಕಥಿ ಹೇಳಾಕ ಬರ್ತದ. ಬರ್ಲೇನ್ರಿ?"

"ಬರ್ರಿ ಅವ್ವಾ, ಇವಕ್ಕ ಅದೇ ಬೇಕಾಗ್ಯದ."

ಅಂದಿನಿಂದ ಸೂಗಮ್ಮನ ಚಿಂತೆ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಮೊದಲ ವಾರ ರಾಚಮ್ಮ ಬಾಗಿಲಲ್ಲಿ ಅಳುತ್ತಿದ್ದಳು, ಆ ಅಳು ಖಣಿಯ ತಳದವರೆಗೂ ತಾಯಿಯ ಕಿವಿಯಲ್ಲಿ ಇರುತ್ತಿತ್ತು. ಬುತ್ತಿಯ ಹೊತ್ತಿಗೆ ಓಡಿಹೋಗಿ ನೋಡಿ ಬರುತ್ತಿದ್ದಳು. ಹೋದಾಗ ಕೂಸು ಅಜ್ಜಿಯ ತೊಡೆಗೆ ಒರಗಿ ಮಲಗಿರುತ್ತಿತ್ತು. ತುಟಿ ಕೆಂಪಗೆ, ಮೈ ಬೆಚ್ಚಗೆ, ಮುಟ್ಟಿದರೆ ಥಟ್ಟನೆ ಎಚ್ಚರಾಗುವ ನಿದ್ದೆ. ಸಂಜೆ ಮನೆಯಲ್ಲಿ ರೊಟ್ಟಿ ಕೇಳಿ ತಿನ್ನತೊಡಗಿತು. ಅಂಬಾರಾಯ ಒಂದು ರಜೆಯ ದಿನ ತಾನೇ ಹೋಗಿ ಖೋಲಿಯ ಮುರಿದ ಪರಸಿ ತೆಗೆದು ಹೊಸದು ಕೂರಿಸಿ ಬಂದ. ಅವನ ಜೊತೆಗಾರರೂ ತಮ್ಮ ಮಕ್ಕಳನ್ನು ಕಳಿಸಿದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸೂಗಮ್ಮನ ಕೂಸು ಉಳಿಯಿತು. ಎಲ್ಲ ಕೂಸುಗಳೂ ಉಳಿಯುವುದಿಲ್ಲ. ಅಳುವ ಕೂಸಿಗೆ ಅಫೀಮು ಕೊಡಬೇಡಿರಿ, ಸಾಸಿವೆಯಷ್ಟೂ ಬೇಡ. ಯಾರಾದರೂ ಕೊಟ್ಟಿದ್ದರೆ ಮುಚ್ಚಿಡಬೇಡಿರಿ, ತಡಮಾಡದೆ ದವಾಖಾನೆಗೆ ಓಡಿರಿ, ಕೊಟ್ಟದ್ದನ್ನು ಕೊಟ್ಟ ಹಾಗೆ ಹೇಳಿರಿ.

ಮತ್ತೆ ಒಂದು ಮಾತು. ವಾಡಿಯಲ್ಲಿ ಹಳಿ ಹತ್ತಿರ, ದಂಡೋತಿಯಲ್ಲಿ ಹೊಳೆ ಹತ್ತಿರ, ಸೇಡಂ, ಚಿಂಚೋಳಿಯ ಹೊಲದ ಬದುವಿನಲ್ಲಿ ಇವತ್ತೂ ಕೂಸುಗಳು ಮರಕ್ಕೆ ಕಟ್ಟಿಸಿಕೊಂಡು ಕುಳಿತಿವೆ. ನಿಮ್ಮೂರಲ್ಲಿ ಖಾಲಿ ಬಿದ್ದ ಒಂದು ಚಾವಡಿ, ಮಠದ ಒಂದು ಪಡಸಾಲೆ, ದರ್ಗಾದ ಒಂದು ಖೋಲಿ ಇದ್ದೇ ಇರುತ್ತದೆ. ನಾಲ್ಕು ಮಂದಿ ತಾಯಂದಿರು ಕೂಡಿ ಹೋಗಿ ಕೇಳಿರಿ. ಒಬ್ಬರ ಕೂಸಿಗಾಗಿ ಕೇಳಿದರೆ ಇಲ್ಲ ಅಂದಾರು. ಊರ ಕೂಸುಗಳಿಗಾಗಿ ಕೇಳಿದರೆ ಇಲ್ಲ ಅನ್ನಲು ಯಾರಿಗೆ ಬಾಯಿ ಬಂದೀತು? ಇವತ್ತು ಸಂಜೆಯೇ ಹೋಗಿರಿ.