ಎದುರಿಗೆ ಕೂತವಳು

"ಈಗ?" ಟಿವಿಯ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಸುಗೆಂಗ್ ಕೇಳಿದ.

"ಇನ್ನೂ ಮಂಜು ಮಂಜು."

ಫೋಕಸ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. "ಈಗ?"

"ಅಷ್ಟೇ ಕಣ್ರೀ. ಮೊದಲೇ ವಾಸಿಯಿತ್ತೇನೋ."

ಸಲಾತಿಗಾ ಊರಿನ ಆ ಓಣಿಯಲ್ಲಿ ಮೂವತ್ತು ವರ್ಷದಿಂದ ಡಬ್ಬಿ ಟಿವಿಗಳ ರಿಪೇರಿ ನಡೆದುಕೊಂಡು ಬಂದದ್ದೇ ಹೀಗೆ. ಬೇರೆ ಮೆಕ್ಯಾನಿಕ್‌ಗಳು ಟಿವಿಯ ಎದುರಿಗೊಂದು ಕನ್ನಡಿ ನಿಲ್ಲಿಸಿಕೊಂಡು, ಹಿಂದಿನಿಂದ ತಿರುಪು ತಿರುಗಿಸುತ್ತ ಅದರಲ್ಲಿ ಚಿತ್ರ ನೋಡಿಕೊಳ್ಳುತ್ತಿದ್ದರು. ಸುಗೆಂಗನಿಗೆ ಕನ್ನಡಿ ಬೇಕಿರಲಿಲ್ಲ, ಹೆಂಡತಿ ತುಮಿರಾ ಇದ್ದಳು. ಅಡಿಗೆಗೆ ಸೋಯಾಕಾಳಿನ ಟೆಂಪೆ ಹೆಚ್ಚುತ್ತಲೋ ಬಟ್ಟೆ ಮಡಚುತ್ತಲೋ ಎದುರಿಗೆ ಕೂತು ಅವಳು "ಹಾಂ, ಬಂತು" ಎಂದರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಆ ತಿರುಪು ಕದಲುತ್ತಿರಲಿಲ್ಲ. ಗಿರಾಕಿಗಳೂ "ಅಕ್ಕ ನೋಡಿದ್ರಾ?" ಎಂದು ಕೇಳಿಯೇ ಟಿವಿ ಒಯ್ಯುತ್ತಿದ್ದರು.

ಈ ವರ್ಷ ಅದೇನು ಗ್ರಹಚಾರವೋ, ಒಯ್ದವರೆಲ್ಲ ವಾಪಸು ತರತೊಡಗಿದರು. ಮುಖಗಳೆಲ್ಲ ಕದಡಿ ಹೋಗಿವೆ ಎನ್ನುತ್ತಿದ್ದರು. ಸುಗೆಂಗ್ ತಿರುಪು ಸರಿಮಾಡಿ ಎದ್ದು ಬಂದು ಮುಂದಿನಿಂದ ನೋಡಿದರೆ ಚಿತ್ರ ಸರಿಯಾಗಿರುತ್ತಿತ್ತು, ತುಮಿರಾ ಮಾತ್ರ ಮಂಜು ಎನ್ನುತ್ತಿದ್ದಳು. ಅರವತ್ತೊಂದಾಯಿತಲ್ಲ, ತನ್ನ ಕಣ್ಣೇ ಮೋಸ ಮಾಡುತ್ತಿರಬೇಕು ಎಂದುಕೊಂಡು ಅವಳ ಮಾತಿನಂತೆಯೇ ಮತ್ತೆ ತಿರುಗಿಸುತ್ತಿದ್ದ. "ಅಣ್ಣಂದು ಕೈ ಹೋಯ್ತು" ಎಂದು ಓಣಿಯವರು ಆಡಿಕೊಳ್ಳುವುದು ಅವನ ಕಿವಿಗೂ ಬಿದ್ದಿತ್ತು.

"ಈ ಡಬ್ಬಿಗಳ ಕಾಲ ಮುಗೀತು ಬಿಡ್ರೀ," ತುಮಿರಾ ಹೇಳಿದಳು. "ಒಂದು ಎಚ್‌ಡಿ ಟಿವಿ ತಗೊಳ್ಳೋಣ. ಇರುವೆ ಮೀಸೆ ಸಹ ಕಾಣ್ಸುತ್ತಂತೆ ಅದರಲ್ಲಿ."

"ಇರುವೆ ಮೀಸೆ ಕಟ್ಕೊಂಡು ನಿಂಗೇನಾಗ್ಬೇಕು? ಡಬ್ಬಿಗೆ ಬರೋ ಹಳೇ ಪ್ರಸಾರ ಸರ್ಕಾರ ನಿಲ್ಸೋಕೆ ಇನ್ನೂ ಎರಡು ವರ್ಷ ಇದೆ. ಆಗ ನೋಡಿದ್ರಾಯ್ತು."

"ಇನ್ನೂ ಎರಡು ವರ್ಷ ಮಂಜಲ್ಲೇ ಕೂರ್ಲಾ?"

ಸುಗೆಂಗನ ನಿಜವಾದ ಸಂಕಟ ಬೇರೆಯೇ ಇತ್ತು. ಅಂಥದೊಂದು ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿ ತಂದರೆ ಓಣಿಯ ಇಪ್ಪತ್ತು ಬಾಗಿಲೂ ನೋಡುತ್ತವೆ. ಡಬ್ಬಿ ಡಾಕ್ಟರನ ಮನೆಗೇ ಹಲಗೆ ಟಿವಿ ಬಂತೆಂದ ಮೇಲೆ ಅವನ ಹತ್ತಿರ ಡಬ್ಬಿ ತರುವವರು ಯಾರು? ಬೇರೆ ಕಸುಬು ಅವನಿಗೆ ಬರದು. ಆದರೆ ಆರು ತಿಂಗಳಿಂದ ಇದೇ ರಾಮಾಯಣ ಕೇಳಿ ಅವನಿಗೆ ಸಾಕುಸಾಕಾಗಿತ್ತು. ತಿರುಪುಳಿ ಕೆಳಗಿಟ್ಟ. "ನಡಿ, ನೋಡ್ಕೊಂಡಾದ್ರೂ ಬರೋಣ."

ಟಿವಿ ಅಂಗಡಿಯ ಲಿಯೆಮ್ ಹಳೆಯ ಪರಿಚಯ. "ಅಯ್ಯೋ, ಸುಗೆಂಗಣ್ಣ! ಶತ್ರು ಪಾಳೆಯಕ್ಕೆ ಬಂದ್ಬಿಟ್ರಲ್ಲ!" ಎಂದು ನಕ್ಕು, ಇದ್ದುದರಲ್ಲೇ ದೊಡ್ಡ ಟಿವಿ ಹಾಕಿದ. ನೀಲಿ ನೀರಲ್ಲಿ ಬಣ್ಣಬಣ್ಣದ ಮೀನುಗಳು, ಒಂದೊಂದು ಹುರುಪೆಯನ್ನೂ ಬಿಡಿಬಿಡಿಯಾಗಿ ಎಣಿಸಬಹುದಾಗಿತ್ತು. ತಾನು ಸೋತೆ, ತನ್ನ ಕಸುಬೂ ಸೋತಿತು ಎಂದು ಸುಗೆಂಗ್ ಅಲ್ಲೇ ಒಪ್ಪಿಕೊಂಡ.

ತುಮಿರಾ ತುಸು ಹೊತ್ತು ನೋಡಿದಳು. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ನೋಡಿದಳು. ಆಮೇಲೆ ಗಂಡನ ತೋಳು ಹಿಡಿದೆಳೆದು, "ಥೂ, ಇದೂ ಮಂಜೇ ಕಣ್ರೀ. ನಮ್ಮನೇದೇ ಎಷ್ಟೋ ವಾಸಿ. ಸುಮ್ಮನೆ ದುಡ್ಡು ದಂಡ, ಬನ್ನಿ," ಎಂದಳು.

ಸುಗೆಂಗನಿಗೆ ಕುಣಿಯುವಷ್ಟು ಖುಷಿಯಾಯಿತು. ಲಿಯೆಮ್‌ನ ಕಡೆ ಮೀಸೆಯಲ್ಲೇ ನಗುತ್ತ, "ಕೇಳಿಸ್ಕೊಂಡ್ಯಾ? ಮೂವತ್ತು ವರ್ಷದ ಕಣ್ಣದು," ಎಂದ.

ಲಿಯೆಮ್ ನಗಲಿಲ್ಲ. "ಅಕ್ಕಾ," ಎಂದ ಮೆಲ್ಲಗೆ, "ಇದ್ರಲ್ಲಿ ಏನಿದೆ ಹೇಳಿ ನೋಡೋಣ?"

"ಏನಿರುತ್ತೆ? ಯಾವುದೋ ಹೂವಿನ ತೋಟ. ಗಾಳಿಗೆ ಅಲ್ಲಾಡ್ತಿದೆ."

ಒಂದು ಹಳದಿ ಮೀನು ಪರದೆಯ ಆ ತುದಿಯಿಂದ ಈ ತುದಿಗೆ ಈಜಿಹೋಯಿತು. ಸುಗೆಂಗನಿಗೆ ಹೆದರಿಕೆಯಾಯಿತು, ಅರೆಗಳಿಗೆ ಹಿಂದೆ ಖುಷಿಪಟ್ಟಿದ್ದಕ್ಕೆ ನಾಚಿಕೆಯೂ ಆಯಿತು. ವರ್ಷವಿಡೀ ಅವನು ಟಿವಿಗಳ ಹೊಟ್ಟೆ ಬಗೆದು ತಪ್ಪು ಹುಡುಕಿದ್ದ, ಸರಿಯಿದ್ದ ತಿರುಪುಗಳನ್ನು ಕೆಡಿಸಿಟ್ಟಿದ್ದ. ಎದುರಿಗೆ ಕೂತವಳ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಅವಳಿಗಾದರೂ ಹೇಗೆ ಗೊತ್ತಾಗಬೇಕು? ಮನೆಯೊಳಗಿನ ಡಬ್ಬ, ಪಾತ್ರೆ, ಮೆಟ್ಟಿಲುಗಳೆಲ್ಲ ಕೈಕಾಲಿಗೆ ಬಾಯಿಪಾಠ.

"ಟಿವಿ ಆಮೇಲೆ ನೋಡೋಣಣ್ಣ," ಲಿಯೆಮ್ ಬಾಗಿಲವರೆಗೂ ಬಂದು ಹೇಳಿದ. "ಇವತ್ತೇ ತೋರಿಸ್ಬಿಡಿ. ಪೇಟೆ ದಾಟಿದ್ರೆ ಬಲಕ್ಕೇ ಇದೆ." ಸುಗೆಂಗ್ ತಲೆಯಾಡಿಸಿದ.

ದಾರಿಯುದ್ದಕ್ಕೂ ತುಮಿರಾಗೆ ಒಳ್ಳೆಯ ಹುರುಪು. "ಏನೋ ಮಹಾ ಅಂತಿದ್ರು ಎಲ್ಲಾರೂ! ನಿಮ್ಮ ಕೆಲಸಕ್ಕೆ ಇನ್ನೂ ಮೋಸ ಇಲ್ಲ ಬಿಡಿ," ಎಂದು ಅವನ ಬೆನ್ನಿಗೆ ಗಲ್ಲವೂರಿ ಹೇಳುತ್ತಲೇ ಇದ್ದಳು. ಮನೆಗೆ ಎಡಕ್ಕೆ ತಿರುಗಬೇಕಾದಲ್ಲಿ ಅವನು ಬಲಕ್ಕೆ ತಿರುಗಿದ. ಅವಳ ಮಾತು ನಿಲ್ಲಲಿಲ್ಲ.

ಕಣ್ಣಾಸ್ಪತ್ರೆಯ ಮುಂದೆ ಬೈಕು ನಿಂತಿತು. ಗೋಡೆಯ ಮೇಲೆ ಆಳೆತ್ತರದ ನೀಲಿ ಅಕ್ಷರಗಳು, ಪಕ್ಕದಲ್ಲಿ ಬಿಡಿಸಿದ ದೊಡ್ಡದೊಂದು ಕಣ್ಣು. ತುಮಿರಾ ಅದರತ್ತಲೇ ಮುಖವೆತ್ತಿ ನೋಡಿದಳು.

"ಓ, ಅಕ್ಕಿ ಮಂಡಿನಾ? ಹೇಗೂ ಬಂದಿದೀವಿ, ಐದು ಕೇಜಿ ತಗೊಂಡ್ಬಿಡಿ."

"ಹೂಂ," ಎಂದ ಸುಗೆಂಗ್. ಅವಳ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಗಲ್ಲದ ಕೆಳಗೆ ಕೈಹಾಕಿದ. ಗುಂಡಿ ಸಿಗುವುದು ತಡವಾಯಿತು. ಅವಳು ಮಗುವಿನ ಹಾಗೆ ಮುಖವೆತ್ತಿಕೊಂಡು ಕಾಯುತ್ತಾ ನಿಂತಳು.